ಫ್ರೀಜರಿನ ಸೆನ್ಸರ್ ಕೆಟ್ಟಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವ ಬಗೆ

ಅವರೆ ಸುಗ್ಗಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳ ಫ್ರೀಜರ್‌ಗಳಲ್ಲಿ ಹಿತಕಿದ ಬೇಳೆಯ ಪೊಟ್ಟಣಗಳು ಬಾಗಿಲಿನವರೆಗೂ ತುಂಬಿರುತ್ತವೆ. ಇಂಥ ಸಮಯದಲ್ಲಿ ತಂಪು ಕಡಿಮೆಯಾದರೆ ಒಳಗಿನ ಉಷ್ಣತೆ ಅಳೆಯುವ ಸೆನ್ಸರನ್ನು ದೂರುವ ಮೊದಲು, ತಣ್ಣನೆಯ ಗಾಳಿ ಬರುವ ಕಿಂಡಿಗೆ ಪೊಟ್ಟಣಗಳು ಅಡ್ಡವಾಗಿವೆಯೇ, ಬಾಗಿಲಿನ ರಬ್ಬರ್ ಸಡಿಲಗೊಂಡಿದೆಯೇ ಎಂದು ನೋಡಿಕೊಳ್ಳಬೇಕು. ಅವೆರಡೂ ಸರಿಯಿದ್ದರೆ ಸೊನ್ನೆಗಿಂತ ಕೆಳಗಿನ ಉಷ್ಣತೆಯನ್ನು ತೋರಿಸುವ ಥರ್ಮಾಮೀಟರನ್ನು ಪೊಟ್ಟಣಗಳ ನಡುವೆ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು. ಒಳಗೆ −18 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಡಿಸ್‌ಪ್ಲೇ ತೋರಿಸುವ ಅಂಕಿಗೂ ಇದಕ್ಕೂ ಬಹಳ ಅಂತರವಿದ್ದರೆ ಸಂಶಯಕ್ಕೆ ಆಧಾರವಿದೆ.

ಡಿಸ್‌ಪ್ಲೇ ಇರುವ ಈಗಿನ ಫ್ರೀಜರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು, ತಂಪು ಹೆಚ್ಚಿದಂತೆ ವಿದ್ಯುತ್ ರೋಧವೂ ಹೆಚ್ಚುವ ಥರ್ಮಿಸ್ಟರ್ ಎಂಬ ಸೆನ್ಸರ್. ಸೆನ್ಸರಿನ ತಲೆಯೊಳಗೆ ತೇವ ಸೇರಿದರೆ ರೋಧ ಕುಸಿಯುತ್ತದೆ. ಒಳಗೆ ಇನ್ನೂ ಬೆಚ್ಚಗಿದೆ ಎಂದು ಫ್ರೀಜರನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಭಾವಿಸಿ ಕಂಪ್ರೆಸರನ್ನು ಬಿಡುವಿಲ್ಲದೆ ಓಡಿಸುತ್ತದೆ. ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದು ರೋಧ ಹೆಚ್ಚಿದರೆ ಇದಕ್ಕೆ ತದ್ವಿರುದ್ಧವಾಗಿ, ಸಾಕಷ್ಟು ತಂಪಾಗಿದೆಯೆಂದು ತಿಳಿದು ಕಂಪ್ರೆಸರನ್ನು ಬೇಗನೆ ನಿಲ್ಲಿಸಿಬಿಡುತ್ತದೆ, ಬೇಳೆ ಕರಗತೊಡಗುತ್ತದೆ. ಆದ್ದರಿಂದ ಕಿಲುಬನ್ನು ಒರೆಸಿ ನೋಡದೆ ಹೊಸ ಸೆನ್ಸರಿಗೆ ಹಣ ಸುರಿಯುವುದು ವ್ಯರ್ಥ.

ಪರೀಕ್ಷೆಗೆ ಮುನ್ನ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು. ಗಟ್ಟಿಯಾದ ಮಂಜನ್ನು ಚಾಕುವಿನಿಂದ ಕೆರೆಯಬೇಡಿ, ತಾನಾಗಿ ಕರಗಲಿ: ತಂಪು ಮಾಡುವ ಗ್ಯಾಸ್ ಹರಿಯುವ ಕಾಯಿಲ್ ತೂತಾದರೆ ಗ್ಯಾಸ್ ಹೋಗುತ್ತದೆ, ಮತ್ತು ಹಿಂಬದಿಯ ಚೀಟಿಯಲ್ಲಿ ಆರ್600ಎ ಎಂದಿದ್ದರೆ ಆ ಗ್ಯಾಸ್ ಬೆಂಕಿ ಹತ್ತುವಂಥದ್ದು. ಸೆನ್ಸರಿನ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಬೋರ್ಡಿನ ರೋಧವೂ ಸೇರಿ ಅಳತೆ ತಪ್ಪುತ್ತದೆ. ಒಂದು ಲೋಟದಲ್ಲಿ ಪುಡಿ ಮಾಡಿದ ಐಸನ್ನು ತುಂಬಿ, ಅದು ತೊಯ್ಯುವಷ್ಟೇ ನೀರು ಹಾಕಿ, ಸೆನ್ಸರಿನ ತಲೆಯನ್ನು ಮಾತ್ರ 10 ನಿಮಿಷ ಮುಳುಗಿಸಿಡಿ. ಉಪ್ಪು ಬೆರೆಸಬಾರದು, ಬೆರೆಸಿದರೆ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವ ಸೆನ್ಸರ್ ಈಗ ರೋಧ ಅಳೆಯುವ ಮಲ್ಟಿಮೀಟರಿನಲ್ಲಿ ಸುಮಾರು 27ರಿಂದ 33 ಕಿಲೋ ಓಮ್ ತೋರಿಸಬೇಕು. 5 ಕಿಲೋ ಓಮಿನದಾದರೆ ಅದರ ಅರ್ಧ. ಅಂಕಿ ಬಾರದಿದ್ದರೆ ತಂತಿ ತುಂಡಾಗಿದೆ, ಸೊನ್ನೆ ಬಂದರೆ ಶಾರ್ಟ್ ಆಗಿದೆ. ತಂತಿಯನ್ನು ಮೆಲ್ಲಗೆ ಅಲುಗಿಸಿದಾಗ ಅಂಕಿ ಕುಣಿದರೂ ಸೆನ್ಸರ್ ಬದಲಿಸಬೇಕಾದದ್ದೇ.

ಅಂಗಡಿಯವರು "ಎಲ್ಲವೂ ಒಂದೇ, ಕೂರುತ್ತದೆ" ಎಂದರೆ ನಂಬಬೇಡಿ. 5 ಕಿಲೋ ಓಮಿನ ಜಾಗಕ್ಕೆ 10 ಕಿಲೋ ಓಮಿನದನ್ನು ಹಾಕಿದರೆ ಬೋರ್ಡಿಗೆ ಸದಾ ಚಳಿಗಾಲವೇ; ಮಾಡೆಲ್ ನಂಬರ್ ತೋರಿಸಿ ಅದೇ ಓಮಿನದನ್ನೇ ಕೇಳಿ. ತಂತಿಯ ಜೋಡಣೆಗೆ ಬರೀ ಟೇಪ್ ಸುತ್ತಿದರೆ ತೇವ ಮತ್ತೆ ನುಗ್ಗುವುದರಿಂದ ಬೆಸುಗೆ ಹಾಕಿ, ಒಳಮೈಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ ಕೊಳವೆಯನ್ನು (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತೊಡಿಸಿ, ಬಿಸಿ ಮಾಡಿ ಕೂರಿಸಬೇಕು. ಈ ಕೆಲಸ ಫ್ರೀಜರಿನಿಂದ ದೂರದಲ್ಲಿ ನಡೆಯಲಿ. ಸೆನ್ಸರ್ ಐಸ್ ನೀರಿನ ಅಳತೆಯಲ್ಲಿ ಸರಿಯಿದ್ದು ತಂಪು ಮಾತ್ರ ಬಾರದಿದ್ದರೆ ದೋಷ ಬೋರ್ಡಿನಲ್ಲೋ ಫ್ಯಾನಿನಲ್ಲೋ ಗ್ಯಾಸಿನಲ್ಲೋ ಇರುತ್ತದೆ, ಅದು ಮೆಕ್ಯಾನಿಕ್ ನೋಡಬೇಕಾದ ಕೆಲಸ.