ಕೀಳಿಸಬೇಕಿದ್ದ ಹಲ್ಲು ಉಳಿಯಿತು

ಎಡಗಡೆಯ ಕೆಳಗಿನ ದವಡೆ ಹಲ್ಲು ಮೊದಮೊದಲು ಐಸ್‌ಕ್ರೀಮ್ ತಿಂದಾಗ ಮಾತ್ರ ಜುಂ ಅನ್ನುತ್ತಿತ್ತು. ಸುಮ್ನೆ ಬಿಟ್ಟೆ. ಕೆಲವು ತಿಂಗಳು ಕಳೆದ ಮೇಲೆ ಬಿಸಿ ಕಾಫಿ ಕುಡಿದರೂ ನೋವು. ಲೋಟ ಕೆಳಗಿಟ್ಟು ಹತ್ತು ನಿಮಿಷವಾದರೂ ಹೋಗುತ್ತಿರಲಿಲ್ಲ. ಕೊನೆಗೆ ರಾತ್ರಿ ಮಲಗಿದರೆ ಸಾಕು, ಕಿವಿಯ ತನಕ ಪಟಪಟ ಸಿಡಿತ. ಅಮ್ಮ ಲವಂಗ ಕೊಟ್ಟರು. ಸ್ವಲ್ಪ ಹೊತ್ತು ಮರಗಟ್ಟಿತು, ಅಷ್ಟೆ.

ಮನೆ ಹತ್ತಿರದ ಕ್ಲಿನಿಕ್‌ಗೆ ಹೋದೆ. ಎಕ್ಸ್‌ರೇ ತೆಗೆಯದೆಯೇ "ಕಿತ್ತುಬಿಡೋಣ" ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ನಾಳೆ ಬರ್ತೀನಿ ಅಂತ ಹೇಳಿ ಎದ್ದು ಬಂದೆ.

ನಮ್ಮೂರು ದಾವಣಗೆರೆ. ಎರಡು ಡೆಂಟಲ್ ಕಾಲೇಜುಗಳಿರುವ ಊರು, ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಆರಿಸಿಕೊಳ್ಳುವುದೇ ಕಷ್ಟ. ಆಗ ಬೋರ್ಡುಗಳನ್ನು ಓದಲು ಕಲಿತೆ. ಬಿಡಿಎಸ್ ಅಂದರೆ ಇಂಟರ್ನ್‌ಶಿಪ್ ಸೇರಿ 5 ವರ್ಷದ ಓದು. ಅದರ ಮೇಲೆ ಒಂದೇ ವಿಭಾಗದಲ್ಲಿ 3 ವರ್ಷ ಓದಿದವರು ಎಂಡಿಎಸ್. ಎಂಡೋಡಾಂಟಿಕ್ಸ್ ಅಂತಿದ್ದರೆ ರೂಟ್ ಕೆನಾಲ್‌ನಲ್ಲಿ, ಅಂದರೆ ಹಲ್ಲಿನೊಳಗಿನ ಕೆಟ್ಟ ಭಾಗ ತೆಗೆದು ತುಂಬುವ ಚಿಕಿತ್ಸೆಯಲ್ಲಿ, ಪಳಗಿದವರು, ಪೆರಿಯೋಡಾಂಟಿಕ್ಸ್ ಅಂದರೆ ವಸಡಿನವರು. ಮಾಮೂಲಿ ಫಿಲ್ಲಿಂಗ್‌ಗೆ ಬಿಡಿಎಸ್ ಡಾಕ್ಟರೇ ಸಾಕು. ನಾನು ಕಾಲೇಜಿನ ಹೊರರೋಗಿ ವಿಭಾಗಕ್ಕೇ ಹೋದೆ. ಅಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ, ಮೇಷ್ಟ್ರು ಬಂದು ನೋಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಖರ್ಚು ಕಮ್ಮಿ.

ಅಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿ ವಿವರಿಸಿದರು. ಅಂಥವರು ಸಿಕ್ಕರೆ ಬಿಡಬೇಡಿ. ಹಲ್ಲಿನ ಮೇಲಿನ ಬಿಳಿ ಪದರ ಎನಾಮಲ್. ಅದಕ್ಕೆ ನರವಿಲ್ಲ. ಅದಕ್ಕೇ ಹುಳುಕು ಶುರುವಾದಾಗ ಗೊತ್ತೇ ಆಗುವುದಿಲ್ಲ. ಕೆಳಗಿನ ಡೆಂಟಿನ್‌ಗೆ ಇಳಿದರೆ ತಣ್ಣಗಿನದಕ್ಕೆ ಜುಂ ಅನ್ನುತ್ತದೆ. ಆ ಹಂತದಲ್ಲೇ ಹೋಗಿದ್ದರೆ ಒಂದು ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿತ್ತು. ನನ್ನ ಹುಳುಕು ಒಳಗಿನ ಪಲ್ಪ್ ಮುಟ್ಟಿತ್ತು. ನರ, ರಕ್ತನಾಳ ಇರುವುದು ಅಲ್ಲೇ. ಅದು ಬಾತುಕೊಂಡರೆ ಸುತ್ತಲೂ ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರಿ ಸಿಡಿತ ಇನ್ನೂ ಹೆಚ್ಚುತ್ತದೆ. ನೋವಿನ ಮಾತ್ರೆ, ಆಂಟಿಬಯಾಟಿಕ್ ನುಂಗಿ ಇದನ್ನು ವಾಸಿ ಮಾಡಲಾಗದು. ಕೆಟ್ಟ ಪಲ್ಪ್ ತೆಗೆಯಬೇಕು, ಇಲ್ಲವೇ ಹಲ್ಲನ್ನೇ ಕೀಳಬೇಕು. "ಬೇರು ಗಟ್ಟಿಯಾಗಿದೆ, ಸುತ್ತಲಿನ ಎಲುಬೂ ಚೆನ್ನಾಗಿದೆ. ಉಳಿಸೋಣ" ಅಂದರು.

ರೂಟ್ ಕೆನಾಲ್‌ಗೆ ಮೂರು ಸಲ ಹೋದೆ. ಇಂಜೆಕ್ಷನ್ ಚುಚ್ಚಿದ್ದಷ್ಟೇ ನೋವು. ಫೈಲು ಅನ್ನುವ ಸೂಜಿಯಂಥ ಸಣ್ಣ ಸಣ್ಣ ಅರಗಳಿಂದ ಬೇರಿನ ನಾಳಗಳನ್ನು ಉಜ್ಜಿ ತೊಳೆದು, ಗಟಾಪರ್ಚಾ ಅನ್ನುವ ರಬ್ಬರಿನಂಥ ವಸ್ತು ತುಂಬಿದರು. ಆಮೇಲೆ ಹಲ್ಲಿನ ಮೇಲೆ ಕ್ಯಾಪ್, ಅಂದರೆ ಗಟ್ಟಿ ಮುಚ್ಚಳ, ಹಾಕಿಸಬೇಕು ಅಂದರು. ನೋವು ಹೋಯಿತಲ್ಲ, ಕ್ಯಾಪ್ ಯಾಕೆ ಅಂತ ನನಗೂ ಅನ್ನಿಸಿತ್ತು. ಕೊರೆದು ಟೊಳ್ಳಾದ ದವಡೆ ಹಲ್ಲು ಅಗಿಯುವಾಗ ಸೀಳಿಬಿಡಬಹುದಂತೆ, ಸೀಳಿದರೆ ಆಮೇಲೆ ಕೀಳಿಸುವುದೇ ಗತಿ. ಹಾಗಾಗಿ ಮೊದಲೇ ಕೇಳಿಕೊಳ್ಳಿ, ಹೇಳಿದ ದರದಲ್ಲಿ ಕ್ಯಾಪ್ ಸೇರಿದೆಯೋ ಇಲ್ಲವೋ ಅಂತ.

ಕೊನೆಯ ಸಲ ಅಮ್ಮನನ್ನೂ ಕರೆದುಕೊಂಡು ಹೋದೆ. ಅವರಿಗೆ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. ಆದರೂ ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಅಂತ ವರ್ಷಗಟ್ಟಲೆ ಹೆದರಿದ್ದರು. ಹಲ್ಲು ಅಲುಗಾಡುವುದು ಕ್ಲೀನಿಂಗ್‌ನಿಂದಲ್ಲ, ಗಟ್ಟಿ ಕೊಳೆ ಕೂತು ವಸಡು, ಎಲುಬು ಸವೆದಿರುವುದರಿಂದ. ಇದನ್ನು ಡಾಕ್ಟರಮ್ಮ ಕನ್ನಡಿ ಹಿಡಿದು ತೋರಿಸಿದ ಮೇಲೆ ಅಮ್ಮ ಒಪ್ಪಿದರು. ಎರಡು ವಾರ ಕಳೆದ ಮೇಲೆ ಬೆಳಿಗ್ಗೆ ಬಚ್ಚಲಿಂದಲೇ ಕೂಗಿದರು, "ಇವತ್ತು ರಕ್ತ ಇಲ್ಲ ನೋಡು!"