ಗೋಡೆ ಸೋರುತ್ತಿದ್ದರೆ ರಿಪೇರಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದು ಹೇಗೆ?

ಮಾಲೀಕರು ರಿಪೇರಿ ಮಾಡಿಸುತ್ತಿಲ್ಲ ಎಂಬ ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ನಿಲ್ಲಿಸಿದ ಮರುತಿಂಗಳಿಂದ ಸೋರುವ ಗೋಡೆಯ ಮಾತೇ ಬರುವುದಿಲ್ಲ, ನಿಮ್ಮ ಬಾಕಿಯ ಮಾತೊಂದೇ ಉಳಿಯುತ್ತದೆ. ಖರ್ಚನ್ನು ಲೆಕ್ಕ ತೋರಿಸಿ ಮುರಿದುಕೊಳ್ಳಲು ಕಾನೂನಿನಲ್ಲೇ ದಾರಿಯಿದೆ. ಆದರೆ ಅದಕ್ಕೆ ತಯಾರಿ ಮನೆ ಸೇರುವ ಮೊದಲೇ ಆಗಬೇಕು.

ಕರ್ನಾಟಕ ಬಾಡಿಗೆ ಅಧಿನಿಯಮ, 1999 ಇದೆಯಲ್ಲ ಎನ್ನಬಹುದು. ಅದು ಅನ್ವಯಿಸುವುದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿವರೆಗಿನ ಬಾಡಿಗೆಗೆ ಮಾತ್ರ. ಈಗಿನ ಬಹುತೇಕ ಮನೆಗಳು ಆ ಮಿತಿಯ ಆಚೆಗೇ ಇವೆ. ಅಂಥವುಗಳಿಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಮತ್ತು ನಿಮ್ಮ ಕರಾರು ಪತ್ರವೇ ಗತಿ.

ಆ ಅಧಿನಿಯಮದ ಕಲಂ 108(ಎಫ್) ಹೇಳುವುದಿಷ್ಟು: ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸ್ ತಲುಪಿದ ಮೇಲೂ ಸೂಕ್ತ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಎಲ್ಲರೂ ಎಡವುವುದು ‘ಮಾಡಿಸಲೇಬೇಕಾದ’ ಎಂಬ ಮಾತಿನಲ್ಲಿ. ಯಾವ ದುರಸ್ತಿ ಮಾಲೀಕರ ಹೊಣೆ ಎಂಬ ಪಟ್ಟಿ ಈ ಕಲಮಿನಲ್ಲಿಲ್ಲ. ಅದನ್ನು ಕರಾರಿನಲ್ಲೇ ಬರೆಸಬೇಕು. ಸ್ಟಾಂಪ್ ವೆಂಡರ್ ಬಳಿ ಸಿದ್ಧವಾಗಿ ಸಿಗುವ ನಮೂನೆಯಲ್ಲಿ ಈ ಅಂಶ ಇದ್ದೇ ಇರುತ್ತದೆ ಎಂದು ನಂಬಬೇಡಿ. ಸಹಿಗೆ ಮುಂಚೆ ಹೀಗೊಂದು ಷರತ್ತು ಸೇರಿಸಿ:

“ಛಾವಣಿ, ಗೋಡೆ, ಗೋಡೆಯೊಳಗಿನ ನೀರಿನ ಪೈಪು, ವಿದ್ಯುತ್ ವೈರಿಂಗ್, ಸಂಪು, ಮೋಟಾರು, ಒಳಚರಂಡಿ ಇವುಗಳ ದುರಸ್ತಿ ಮಾಲೀಕರ ಹೊಣೆ. ಲಿಖಿತ ಸೂಚನೆ ತಲುಪಿದ 15 ದಿನಗಳೊಳಗೆ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ, ಬಿಲ್ಲಿನ ಮೊತ್ತವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ವಾಟ್ಸಾಪ್ ಸಂದೇಶವೂ ಲಿಖಿತ ಸೂಚನೆಯೇ.”

ನಲ್ಲಿಯ ವಾಷರ್, ಬಲ್ಬು, ನೀವೇ ಒಡೆದ ಗಾಜು ನಿಮ್ಮ ಪಾಲಿಗಿರಲಿ. ಅಷ್ಟನ್ನೂ ಮಾಲೀಕರ ತಲೆಗೆ ಕಟ್ಟಲು ಹೋದರೆ ದೊಡ್ಡದೂ ಕೈತಪ್ಪುತ್ತದೆ.

ಇನ್ನು ಗೋಡೆ ಒದ್ದೆಯಾಗಿದೆ ಎನ್ನಿ. “ನೀವು ಕಿಟಕಿ ತೆಗೆಯುವುದಿಲ್ಲ, ಅದಕ್ಕೇ ಹೀಗೆ” ಎಂಬ ಉತ್ತರ ಬರುವುದು ಸಾಮಾನ್ಯ. ಮೊದಲು ಕಾರಣ ಪತ್ತೆ ಮಾಡಿ. ಒದ್ದೆ ಜಾಗದ ಮೇಲ್ಮೈಯನ್ನು ಒಣಬಟ್ಟೆಯಿಂದ ಒರೆಸಿ, ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹನಿ ಕೋಣೆಯ ಕಡೆಗಿದ್ದರೆ ಅದು ಗಾಳಿಯ ತೇವ. ಹಾಳೆಯ ಹಿಂದೆ, ಗೋಡೆಯ ಕಡೆಗಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಮಳೆಯಿಲ್ಲದ ತಿಂಗಳಲ್ಲೂ ತೇವ ಆರದಿದ್ದರೆ ಪೈಪಿನ ಮೇಲೆ ಅನುಮಾನ ಪಡಿ. ನೀರಿನ ಮೀಟರ್ ಇದ್ದರೆ ಎಲ್ಲ ನಲ್ಲಿ ಬಂದ್ ಮಾಡಿ, ಟ್ಯಾಂಕಿಗೆ ನೀರು ಏರದ ಹೊತ್ತಿನಲ್ಲಿ ಮುಳ್ಳು ತಿರುಗುತ್ತದೆಯೇ ಎಂದು ನೋಡಿ. ಒದ್ದೆಯ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು ಫೋಟೋ ತೆಗೆಯಿರಿ. ವಾರದ ನಂತರ ಕಲೆ ಗೆರೆ ದಾಟಿದ್ದರೆ ಅದಕ್ಕಿಂತ ಸಾಕ್ಷಿ ಬೇಡ.

ನೋಟಿಸಿಗೆ ವಕೀಲರ ಭಾಷೆ ಬೇಕಿಲ್ಲ. ಏನಾಗಿದೆ, ಯಾವತ್ತಿಂದ, ಕರಾರಿನ ಯಾವ ಷರತ್ತು, ಎಷ್ಟು ದಿನದ ಗಡುವು, ಗಡುವು ಮೀರಿದರೆ ಕಲಂ 108(ಎಫ್) ಪ್ರಕಾರ ನಾನೇ ಮಾಡಿಸುತ್ತೇನೆ, ಇಷ್ಟಿದ್ದರೆ ಸಾಕು. ವಾಟ್ಸಾಪ್‌ನಲ್ಲಿ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ ರಸೀದಿ ಇಟ್ಟುಕೊಳ್ಳಿ. ಕೆಲಸಕ್ಕೆ ಮೊದಲು ಎರಡು ಕೊಟೇಶನ್ ತರಿಸಿ ಎರಡನ್ನೂ ಮಾಲೀಕರಿಗೆ ಕಳಿಸಿ; ಆಮೇಲೆ “ಇಷ್ಟು ದುಡ್ಡೇ?” ಎಂಬ ತಕರಾರಿಗೆ ಜಾಗ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಬಿಲ್ಲು ಸಹಿತ ಲೆಕ್ಕ ಕೊಟ್ಟು, ಉಳಿದ ಬಾಡಿಗೆಯನ್ನು ಎಂದಿನ ದಿನವೇ ಬ್ಯಾಂಕ್ ಖಾತೆಗೆ ಹಾಕಿ. ನಗದು ಬೇಡ.

2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಂದು ತಿಂಗಳಲ್ಲಿ ಮುರಿದುಕೊಳ್ಳುವುದು ಅರ್ಧ ಬಾಡಿಗೆ ಮೀರಬಾರದು, ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದಿದೆ. ರಾಜ್ಯ ಅದನ್ನು ಕಾನೂನಾಗಿ ಅಂಗೀಕರಿಸದ ಹೊರತು ಅದು ಮಾದರಿಯಷ್ಟೇ. ಆದರೂ ಅರ್ಧದ ಲೆಕ್ಕ ಪಾಲಿಸುವುದು ಜಾಣತನ. ದೊಡ್ಡ ಮೊತ್ತವನ್ನು ಎರಡು ಮೂರು ತಿಂಗಳಿಗೆ ಹಂಚಿ.

ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರಿನ ಗುಟ್ಟು ಅದೇ. ಅವಧಿ ಮುಗಿದ ಮೇಲೆ ಹೊಸದು ಬರೆಸದೆ ಬಾಡಿಗೆ ಕೊಡುತ್ತಾ ಉಳಿದರೆ ಸಾಮಾನ್ಯವಾಗಿ ಅದು ತಿಂಗಳ ಬಾಡಿಗೆಯಾಗುತ್ತದೆ, ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 106ರ ಪ್ರಕಾರ 15 ದಿನದ ನೋಟಿಸಿಗೆ ಮುಗಿಯುತ್ತದೆ. ಹಾಗಾಗಿ ರಿಪೇರಿ ಜಗಳ ನಡೆಯುತ್ತಿರುವಾಗ ನವೀಕರಣದ ದಿನಾಂಕ ಮರೆಯಬೇಡಿ.

ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಕಾನೂನಲ್ಲ, ರೂಢಿ. ಕರಾರಿನಲ್ಲಿದ್ದರೆ ಕೊಡಬೇಕು. ಇಲ್ಲದಿದ್ದರೆ ಕಲಂ 108(ಎಂ) ನೆನಪಿಸಿ: ಸಹಜ ಬಳಕೆಯ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ.

ಜಗಳ ಬಿಗಡಾಯಿಸಿ ನೀವಿಲ್ಲದಾಗ ಬೀಗ ಬದಲಾಯಿಸಿದರೆ ಒಡೆದು ನುಗ್ಗಬೇಡಿ. ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ ಕಲಂ 6ರಡಿ ಸ್ವಾಧೀನ ಮರಳಿ ಕೇಳಿ ದಾವೆ ಹೂಡಬಹುದು, ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ.