ಸೇನೆ, ಪೊಲೀಸ್, ಅಗ್ನಿಶಾಮಕ ಸೇವೆ: ಮಹಿಳಾ ಅಭ್ಯರ್ಥಿಗಳು ದೈಹಿಕ ಪರೀಕ್ಷೆಗೆ ಸಿದ್ಧರಾಗುವ ಬಗೆ

ಸೇನೆ, ಪೊಲೀಸ್ ಅಥವಾ ಅಗ್ನಿಶಾಮಕ ಸೇವೆಗೆ ಅರ್ಜಿ ಹಾಕಿದ ಮಹಿಳೆಯರಲ್ಲಿ ಬಹಳಷ್ಟು ಮಂದಿ ಸಿದ್ಧತೆಯನ್ನು ಓಟದಿಂದ ಆರಂಭಿಸಿ ಓಟದಲ್ಲೇ ಮುಗಿಸಿಬಿಡುತ್ತಾರೆ. ಓಟಕ್ಕೆ ಸಲಕರಣೆ ಬೇಕಿಲ್ಲ, ಸುಧಾರಣೆ ಗಡಿಯಾರದಲ್ಲೇ ಕಾಣುತ್ತದೆ ಎಂಬುದು ನಿಜ. ಆದರೆ ಈ ಸೇವೆಗಳ ಪರೀಕ್ಷೆಗಳಲ್ಲಿ ಮಹಿಳೆಯರನ್ನು ಹೆಚ್ಚಾಗಿ ತಡೆದು ನಿಲ್ಲಿಸುವುದು ಎತ್ತುವ, ಎಳೆಯುವ ಮತ್ತು ಭಾರ ಹೊತ್ತು ಸಾಗುವ ಭಾಗಗಳು. ಆದ್ದರಿಂದ ಈ ಬರಹದಲ್ಲಿ ಅವುಗಳಿಗೇ ಹೆಚ್ಚಿನ ಜಾಗ ಕೊಡಲಾಗಿದೆ.

ಮೊದಲು ಪರೀಕ್ಷೆಯ ಸ್ವರೂಪ ತಿಳಿಯಿರಿ

ದೈಹಿಕ ಪರೀಕ್ಷೆಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಒಂದು, ಅಭ್ಯರ್ಥಿಯ ಸಾಮಾನ್ಯ ದೇಹದಾರ್ಢ್ಯವನ್ನು ಅಳೆಯುವಂಥದ್ದು. ಇದರಲ್ಲಿ ವಯಸ್ಸಿಗೂ ಲಿಂಗಕ್ಕೂ ತಕ್ಕಂತೆ ಬೇರೆ ಬೇರೆ ಅಂಕಪಟ್ಟಿಗಳಿರುವುದು ವಾಡಿಕೆ. ಇನ್ನೊಂದು, ಕೆಲಸದಲ್ಲಿ ನಿಜವಾಗಿ ಮಾಡಬೇಕಾದ ಕ್ರಿಯೆಗಳನ್ನೇ ಮಾಡಿಸಿ ನೋಡುವಂಥದ್ದು. ಸುಟ್ಟ ಕಟ್ಟಡದಿಂದ ಹೊರಗೆಳೆಯಬೇಕಾದ ವ್ಯಕ್ತಿಯ ತೂಕ ಎಳೆಯುವವರು ಯಾರೆಂಬುದನ್ನು ಅನುಸರಿಸಿ ಬದಲಾಗುವುದಿಲ್ಲವಾದ್ದರಿಂದ ಇಲ್ಲಿ ಎಲ್ಲರಿಗೂ ಒಂದೇ ಮಟ್ಟ. ಕೆನಡಾದ ಸೇನೆಯ ಪರೀಕ್ಷೆ ಎರಡನೆಯ ಬಗೆಯದು: 20 ಕಿಲೋ ತೂಕದ ಮರಳಿನ ಚೀಲವನ್ನು ಮೂರೂವರೆ ನಿಮಿಷದೊಳಗೆ 30 ಸಲ ಎತ್ತುವುದೂ ಸೇರಿದಂತೆ ಅದರಲ್ಲಿ ನಾಲ್ಕು ಕೆಲಸಗಳಿದ್ದು, ಕನಿಷ್ಠ ಮಟ್ಟವು ವಯಸ್ಸು, ಲಿಂಗ ಯಾವುದನ್ನೂ ನೋಡುವುದಿಲ್ಲ. ಅಮೆರಿಕದ ಸೇನೆಯು 2025ರ ಜೂನ್‌ನಿಂದ ಜಾರಿಗೆ ತಂದ ಪರೀಕ್ಷೆಯಲ್ಲಿ ಎರಡೂ ಕ್ರಮಗಳು ಬೆರೆತಿವೆ. ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ನಿಂತು ಎತ್ತುವುದು), ಪುಶ್-ಅಪ್, ಓಡುತ್ತ ಎಳೆದು ಹೊರುವ ಸುತ್ತು, ಪ್ಲ್ಯಾಂಕ್ (ಮೊಣಕೈ ಊರಿ ದೇಹವನ್ನು ನೇರವಾಗಿ ಹಿಡಿದಿಡುವುದು) ಮತ್ತು ಎರಡು ಮೈಲಿ ಓಟ ಎಂಬ ಐದು ಭಾಗಗಳು ಎಲ್ಲರಿಗೂ ಇವೆ. ಆದರೆ 21 ಯುದ್ಧ ವಿಭಾಗಗಳಿಗೆ ಸೇರುವವರು ಪುರುಷರಾಗಲಿ ಮಹಿಳೆಯರಾಗಲಿ ಒಂದೇ ಅಂಕಪಟ್ಟಿಯಲ್ಲಿ ಒಟ್ಟು 350 ಅಂಕ ಗಳಿಸಬೇಕು, ಉಳಿದ ವಿಭಾಗಗಳವರು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಪಟ್ಟಿಯಲ್ಲಿ 300 ಗಳಿಸಿದರೆ ಸಾಕು.

ಈ ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳದಿದ್ದರೆ ತಿಂಗಳುಗಟ್ಟಲೆ ಶ್ರಮ ತಪ್ಪು ದಿಕ್ಕಿಗೆ ಹೋಗುತ್ತದೆ. ನೇಮಕಾತಿ ಅಧಿಸೂಚನೆ ಕೈಗೆ ಬಂದ ಕೂಡಲೇ ಅದರಲ್ಲಿರುವ ಪ್ರತಿಯೊಂದು ಅಳತೆಯನ್ನೂ ಬರೆದಿಟ್ಟುಕೊಳ್ಳಿ: ಎಷ್ಟು ತೂಕ, ಎಷ್ಟು ದೂರ, ಎಷ್ಟು ಸಮಯ, ಎರಡು ಭಾಗಗಳ ನಡುವೆ ವಿಶ್ರಾಂತಿ ಉಂಟೋ ಇಲ್ಲವೋ, ಎಷ್ಟು ಅವಕಾಶಗಳು, ಎಂಥ ನೆಲ. ಉತ್ತರ ಅಮೆರಿಕದ ಅನೇಕ ಅಗ್ನಿಶಾಮಕ ಇಲಾಖೆಗಳು ಬಳಸುವ ಅಭ್ಯರ್ಥಿ ಪರೀಕ್ಷೆಯನ್ನೇ ನೋಡಿದರೆ ಇದರ ಮಹತ್ವ ಅರ್ಥವಾಗುತ್ತದೆ. ಸುಮಾರು 22.7 ಕಿಲೋ ತೂಕದ ಜಾಕೆಟ್ ತೊಟ್ಟು ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ಮೊದಲನೆಯದೇ ಮೆಟ್ಟಿಲು ಯಂತ್ರ. ಅದರ ಮೇಲೆ ಇನ್ನೂ 11.3 ಕಿಲೋ ಹೆಚ್ಚುವರಿ ಭಾರ ಹೊತ್ತು ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ ಹತ್ತಬೇಕು, ಪಕ್ಕದ ಕಂಬಿಯ ಮೇಲೆ ಭಾರ ಹಾಕುವಂತಿಲ್ಲ. ಕಾಲುಗಳು ಸೋತಿರುವ ಆ ಸ್ಥಿತಿಯಲ್ಲೇ ನೀರಿನ ಪೈಪು ಎಳೆಯುವುದು, ಏಣಿ ಎಬ್ಬಿಸುವುದು, ಸುತ್ತಿಗೆ ಬೀಸುವುದು ಇತ್ಯಾದಿಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅಸಾಧ್ಯವಲ್ಲ, ಆದರೆ ಬಿಡಿಯಾಗಿ ಮಾತ್ರ ಅಭ್ಯಾಸ ಮಾಡಿದವರು ಮಧ್ಯದಲ್ಲೇ ಉಸಿರು ಕಳೆದುಕೊಳ್ಳುತ್ತಾರೆ.

ಮಟ್ಟವನ್ನು ಪ್ರಶ್ನಿಸಲೇಬಾರದು ಎಂದೇನೂ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಾಡ್ಗಿಚ್ಚು ನಂದಿಸುವ ತಂಡದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಟಾನಿ ಮೆಯೊರಿನ್ ಅವರು, ಹೊಸದಾಗಿ ತಂದ ಪರೀಕ್ಷೆಯಲ್ಲಿ 2.5 ಕಿಲೋಮೀಟರನ್ನು 11 ನಿಮಿಷದೊಳಗೆ ಓಡಲಾಗದೆ, 49 ಸೆಕೆಂಡು ಹೆಚ್ಚು ತೆಗೆದುಕೊಂಡ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದರು. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಆ ಓಟದ ಮಟ್ಟವು ಕೆಲಸವನ್ನು ಸುರಕ್ಷಿತವಾಗಿ ಮಾಡಲು ಅಗತ್ಯವೆಂದು ಸರ್ಕಾರ ಸಾಬೀತುಪಡಿಸಿಲ್ಲ ಎಂದು ಹೇಳಿ ಅವರ ಪರವಾಗಿ ತೀರ್ಪು ನೀಡಿತು. ಆದರೂ ಅಭ್ಯರ್ಥಿಯಾಗಿ ನಿಂತಾಗ ಮಟ್ಟ ಹೇಗಿದೆಯೋ ಹಾಗೆ ಒಪ್ಪಿಕೊಂಡು ಅದಕ್ಕಿಂತ ಸ್ವಲ್ಪ ಮೇಲಕ್ಕೆ ಗುರಿ ಇಟ್ಟುಕೊಳ್ಳುವುದೇ ಜಾಣತನ. ನ್ಯಾಯಾಲಯದ ದಾರಿ ವರ್ಷಗಳದ್ದು.

ಬಲ: ಬೇಗ ಆರಂಭಿಸಬೇಕಾದದ್ದು ಇದು

ಸರಾಸರಿ ಲೆಕ್ಕದಲ್ಲಿ ಮಹಿಳೆಯರಿಗೂ ಪುರುಷರಿಗೂ ಇರುವ ಬಲದ ಅಂತರ ಕಾಲುಗಳಿಗಿಂತ ತೋಳು, ಭುಜ, ಬೆನ್ನಿನ ಮೇಲ್ಭಾಗಗಳಲ್ಲಿ ಹೆಚ್ಚು. ಇದರ ಜೊತೆಗೆ ಭಾರದ ಲೆಕ್ಕವೂ ಸೇರುತ್ತದೆ: 25 ಕಿಲೋ ಹೊರೆ 80 ಕಿಲೋ ತೂಕದವರಿಗೆ ಅವರ ದೇಹತೂಕದ ಶೇ. 31ರಷ್ಟಾದರೆ, 55 ಕಿಲೋ ತೂಕದವರಿಗೆ ಶೇ. 45ರಷ್ಟಾಗುತ್ತದೆ. ಹಾಗೆಂದು ಎದೆಗುಂದಬೇಕಿಲ್ಲ. ಕ್ರಮಬದ್ಧ ತರಬೇತಿ ಸಿಕ್ಕರೆ ಮಹಿಳೆಯರ ಬಲವು ಶೇಕಡಾವಾರು ಲೆಕ್ಕದಲ್ಲಿ ಪುರುಷರಷ್ಟೇ ಹೆಚ್ಚುತ್ತದೆ. ಹಿಂದೆಂದೂ ಭಾರ ಎತ್ತದವರಲ್ಲಂತೂ ಮೊದಲ ಕೆಲವು ತಿಂಗಳ ಬೆಳವಣಿಗೆ ಗಮನಾರ್ಹವಾಗಿರುತ್ತದೆ. ಆದರೆ ಬಲ ಕೂಡುವುದು ಉಸಿರಿನ ಸಾಮರ್ಥ್ಯ ಕೂಡುವುದಕ್ಕಿಂತ ನಿಧಾನ. ಪರೀಕ್ಷೆಗೆ ಆರು ತಿಂಗಳಿರುವಾಗಲೇ ಭಾರದ ವ್ಯಾಯಾಮ ಆರಂಭವಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ವಾರಕ್ಕೆ ಎರಡರಿಂದ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ತಲೆಯ ಮೇಲಕ್ಕೆ ಭಾರ ಒತ್ತುವುದು ಮತ್ತು ಎದೆಯ ಕಡೆಗೆ ಎಳೆದುಕೊಳ್ಳುವುದು ಇಷ್ಟು ಇದ್ದರೆ ಅಡಿಪಾಯ ಗಟ್ಟಿ. ಮೊದಲ ವಾರಗಳಲ್ಲಿ ಹಗುರ ಭಾರದೊಂದಿಗೆ ಭಂಗಿಯನ್ನು ತಿದ್ದಿಕೊಳ್ಳಿ; ಅನಂತರ ಒಂದು ಸುತ್ತಿಗೆ ಐದರಿಂದ ಎಂಟು ಸಲ ಮಾತ್ರ ಎತ್ತಲಾಗುವಷ್ಟು ತೂಕಕ್ಕೆ ಹೋಗಿ. ತೀರಾ ಹಗುರವಾದ ಡಂಬ್‌ಬೆಲ್ ಹಿಡಿದು ಮೂವತ್ತು ನಲವತ್ತು ಸಲ ಕೈಯಾಡಿಸುವುದನ್ನೇ 'ಮಹಿಳೆಯರ ವ್ಯಾಯಾಮ' ಎಂದು ಹೇಳಿಕೊಡುವವರು ಈಗಲೂ ಇದ್ದಾರೆ. ಅದರಿಂದ, ಪರೀಕ್ಷೆಯಲ್ಲಿ ಗಾಯಾಳುವಿನ ಬದಲಿಗೆ ಇಡುವ 75 ಕಿಲೋ ತೂಕದ ಗೊಂಬೆಯನ್ನು ಎಳೆಯುವ ಶಕ್ತಿ ಬರುವುದಿಲ್ಲ.

ಪುಲ್-ಅಪ್, ಅಂದರೆ ಕಂಬಿಗೆ ಜೋತುಬಿದ್ದು ಗದ್ದ ಕಂಬಿಯ ಮೇಲೆ ಬರುವಂತೆ ದೇಹವನ್ನು ಎತ್ತುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2013ರಲ್ಲಿ ಅಮೆರಿಕದ ಮರೀನ್ ಪಡೆಯ ಮಹಿಳಾ ರಂಗರೂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತರಬೇತಿಯ ಕೊನೆಯಲ್ಲಿ ಮೂರು ಪುಲ್-ಅಪ್ ಮಾಡಲಾಗದೆ ಹೋದಾಗ, ಆ ಕನಿಷ್ಠ ಮಟ್ಟವನ್ನು ಕಡ್ಡಾಯಗೊಳಿಸುವ ನಿರ್ಧಾರವನ್ನೇ ಮುಂದೂಡಬೇಕಾಯಿತು. ಎರಡು ವರ್ಷಗಳ ನಂತರ, 2015ರ ಆಗಸ್ಟ್‌ನಲ್ಲಿ, ಕ್ರಿಸ್ಟನ್ ಗ್ರೀಸ್ಟ್ ಮತ್ತು ಶೇ ಹೇವರ್ ಅವರು ಅತಿ ಕಠಿಣ ತರಬೇತಿ ಕೊಡುವ ಅಮೆರಿಕ ಸೇನೆಯ ರೇಂಜರ್ ಶಾಲೆಯನ್ನು ಮುಗಿಸಿದ ಮೊದಲ ಮಹಿಳೆಯರಾದರು. ಅಲ್ಲಿನ ಪ್ರವೇಶ ಹಂತದಲ್ಲಿ 49 ಪುಶ್-ಅಪ್, 59 ಸಿಟ್-ಅಪ್, 40 ನಿಮಿಷದಲ್ಲಿ ಐದು ಮೈಲಿ ಓಟ ಮತ್ತು ಆರು ಚಿನ್-ಅಪ್ (ಅಂಗೈ ತಮ್ಮ ಕಡೆಗಿಟ್ಟು ಮಾಡುವ ಪುಲ್-ಅಪ್) ಎಲ್ಲರಿಗೂ ಸಮಾನವಾಗಿದ್ದವು. ಕಂಬಿಗೆ ನೇತುಬಿದ್ದು ಒದ್ದಾಡಿದರೆ ಪುಲ್-ಅಪ್ ಬರುವುದಿಲ್ಲ, ಅದಕ್ಕೊಂದು ಕ್ರಮವಿದೆ. ಮೊದಲು ಕೈ ನೇರ ಬಿಟ್ಟು ತೂಗುವುದನ್ನು 30 ಸೆಕೆಂಡಿನವರೆಗೆ ಒಯ್ಯಿರಿ. ಬಳಿಕ ಸ್ಟೂಲಿನ ಮೇಲೆ ನಿಂತು ಗದ್ದವನ್ನು ಕಂಬಿಯ ಮೇಲಕ್ಕೆ ತಂದುಕೊಂಡು, ಕಾಲು ತೆಗೆದು, ಐದು ಸೆಕೆಂಡು ಎಣಿಸುತ್ತ ನಿಧಾನವಾಗಿ ಕೆಳಗಿಳಿಯಿರಿ. ಇಳಿಯುವಾಗ ಸ್ನಾಯುಗಳು ಏರುವಾಗಿನದಕ್ಕಿಂತ ಹೆಚ್ಚು ಭಾರ ತಾಳಬಲ್ಲವು, ಆದ್ದರಿಂದಲೇ ಒಂದೂ ಪುಲ್-ಅಪ್ ಬಾರದವರೂ ಇದನ್ನು ಮಾಡಬಹುದು. ಹೀಗೆ ನಾಲ್ಕೈದು ಸಲ ಸಲೀಸಾಗಿ ಇಳಿಯಲು ಬಂದ ಮೇಲೆ ರಬ್ಬರ್ ಪಟ್ಟಿಯ ಆಸರೆಯಿಂದ ಏರುವುದನ್ನು ಸೇರಿಸಿ. ಭುಜದ ಮೂಳೆಗಳನ್ನು ಮೊದಲು ಕೆಳಗೆ ಹಿಂದಕ್ಕೆ ಸೆಳೆದುಕೊಂಡು ಅನಂತರ ಮೊಣಕೈ ಮಡಚುವ ಅಭ್ಯಾಸವಾದರೆ ಭುಜನೋವಿನಿಂದಲೂ ದೂರ ಉಳಿಯಬಹುದು.

ಪುಶ್-ಅಪ್ ಬಾರದವರು ಮೊಣಕಾಲೂರಿ ಮಾಡುವುದಕ್ಕಿಂತ, ದೇಹವನ್ನು ಹಲಗೆಯಂತೆ ನೇರವಾಗಿಟ್ಟು, ಕೈಗಳನ್ನು ಮೇಜಿನ ಎತ್ತರದಲ್ಲಿರಿಸಿ ಆರಂಭಿಸಿ ವಾರವಾರಕ್ಕೂ ಎತ್ತರ ಇಳಿಸುತ್ತ ನೆಲಕ್ಕೆ ಬರುವುದು ಉತ್ತಮ.

ಗೊಂಬೆ ಎಳೆಯುವ ಭಾಗದಲ್ಲಿ ಬಲದಷ್ಟೇ ತಂತ್ರವೂ ಮುಖ್ಯ. ಸುಮಾರು 75 ಕಿಲೋ ತೂಕದ ಗೊಂಬೆಯ ಭುಜದ ಪಟ್ಟಿಗಳನ್ನು ಹಿಡಿದು, ಸೊಂಟ ತಗ್ಗಿಸಿ, ಕೈಗಳನ್ನು ಮಡಚದೆ ನೇರವಾಗಿ ಬಿಟ್ಟು, ಮೈಭಾರವನ್ನು ಹಿಂದಕ್ಕೆ ವಾಲಿಸಿ ಚಿಕ್ಕ ಚಿಕ್ಕ ಹೆಜ್ಜೆಯಿಡಬೇಕು. ತೋಳಿನಿಂದ ಎಳೆಯಲು ಹೊರಟವರು ಹತ್ತು ಮೀಟರಿನೊಳಗೆ ದಣಿಯುತ್ತಾರೆ, ಸೊಂಟ ಮೇಲೆತ್ತಿದವರು ಬೆನ್ನು ನೋಯಿಸಿಕೊಳ್ಳುತ್ತಾರೆ. ಒಮ್ಮೆ ನಿಂತ ಭಾರವನ್ನು ಮತ್ತೆ ಚಲಿಸಲು ಹೆಚ್ಚು ಬಲ ಬೇಕಾದ್ದರಿಂದ, ನಿಧಾನವಾದರೂ ಸರಿ, ನಿಲ್ಲದೆ ಸಾಗುವುದೇ ಲಾಭ. ಗೊಂಬೆ ಸಿಗದಿದ್ದರೆ ಗಟ್ಟಿ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿಕೊಂಡರೆ ಸಾಕು. ಹಿಡಿತದ ಬಲಕ್ಕೆ ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಪರೀಕ್ಷೆಯಲ್ಲಿ ಕೈಗವಸು ಕಡ್ಡಾಯವಾಗಿದ್ದರೆ ಅಭ್ಯಾಸವನ್ನೂ ಕೈಗವಸು ತೊಟ್ಟೇ ಮಾಡಿ. ಅಳತೆಗಿಂತ ದೊಡ್ಡ ಕೈಗವಸಿನಲ್ಲಿ ಹಿಡಿತ ಎಷ್ಟು ಸಡಿಲವಾಗುತ್ತದೆ ಎಂಬುದು ಆಗಲೇ ತಿಳಿಯುವುದು.

ಓಟ, ಹೊರೆ ಮತ್ತು ಮೂಳೆ

ಓಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾರಕ್ಕೊಂದು ದೀರ್ಘ ನಿಧಾನ ಓಟ, ನಡುನಡುವೆ ಬಿಡುವು ಕೊಟ್ಟು ವೇಗವಾಗಿ ಓಡುವ ಒಂದು ತುಣುಕು ಓಟ ಸಾಕು. ಹಂತ ಹಂತಕ್ಕೂ ಬೇಗಬೇಗ ಬರುವ ಬೀಪ್ ಸದ್ದಿಗೆ ಸರಿಯಾಗಿ ಗೆರೆಯಿಂದ ಗೆರೆಗೆ ಓಡುವ ಶಟಲ್ ಪರೀಕ್ಷೆ ಇರುವಲ್ಲಿ ತಿರುಗುವುದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿ, ಏಕೆಂದರೆ ಪ್ರತಿ ಗೆರೆಯಲ್ಲೂ ನಿಂತು ಮತ್ತೆ ವೇಗ ಪಡೆಯುವುದು ನೇರ ಓಟಗಾರರನ್ನು ದಣಿಸುತ್ತದೆ. ಬ್ರಿಟನ್ನಿನ ಪೊಲೀಸ್ ನೇಮಕಾತಿಯಲ್ಲಿ 15 ಮೀಟರ್ ಅಂತರದಲ್ಲಿ ಐದನೇ ಹಂತದ ನಾಲ್ಕನೇ ಓಟದವರೆಗೆ ತಲುಪಬೇಕೆಂಬ ಮಟ್ಟ ಪುರುಷರಿಗೂ ಮಹಿಳೆಯರಿಗೂ ಒಂದೇ. ತಿರುಗುವ ಅಭ್ಯಾಸವಿದ್ದವರಿಗೆ ಅದು ಕಷ್ಟದ್ದಲ್ಲ.

ಹೊರೆ ಹೊತ್ತು ನಡೆಯುವುದರಲ್ಲಿ ಅವಸರ ಸಲ್ಲದು. ದೇಹತೂಕದ ಶೇ. 10ರಿಂದ 15ರಷ್ಟು ಭಾರದೊಂದಿಗೆ ವಾರಕ್ಕೊಮ್ಮೆ ಆರಂಭಿಸಿ, ಒಂದು ವಾರ ದೂರ ಹೆಚ್ಚಿಸಿದರೆ ಇನ್ನೊಂದು ವಾರ ತೂಕ ಹೆಚ್ಚಿಸಿ. ಎರಡನ್ನೂ ಒಟ್ಟಿಗೆ ಹೆಚ್ಚಿಸಬೇಡಿ, ಹೊರೆ ಹೊತ್ತು ಓಡಬೇಡಿ. ಚೀಲದ ಸೊಂಟಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರುವಂತೆ ಬಿಗಿದರೆ ಭುಜದ ಭಾರ ಬಹುಪಾಲು ಕಾಲುಗಳಿಗೆ ಇಳಿಯುತ್ತದೆ.

ತರಬೇತಿಯಲ್ಲಿ ಮಹಿಳೆಯರಿಗೆ ಮೂಳೆಯ ಸೂಕ್ಷ್ಮ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್, ಪುರುಷರಿಗಿಂತ ಹೆಚ್ಚಾಗಿ ಆಗುತ್ತದೆ ಎಂಬುದು ಅನೇಕ ಸೇನೆಗಳ ಅನುಭವ. ಸುಧಾರಿಸಿಕೊಳ್ಳಲು ಬಿಡುವಿಲ್ಲದಂತೆ ಒಮ್ಮೆಲೇ ಹೆಚ್ಚಿದ ನಡಿಗೆ ಮತ್ತು ಓಟ ಮುಖ್ಯ ಕಾರಣ. ಎತ್ತರದವರ ಹೆಜ್ಜೆಗೆ ಸಮನಾಗಿ ಕಾಲು ಚಾಚಿ ನಡೆಯುವುದು ಮತ್ತೊಂದು. ಹೀಗೆ ಪುರುಷರ ಹೆಜ್ಜೆಯಳತೆಗೆ ಸರಿಯಾಗಿ ಕವಾಯತು ಮಾಡಬೇಕಾಗಿ ಬಂದು ಗಾಯಗೊಂಡ ಮೂವರು ಮಹಿಳೆಯರಿಗೆ ಬ್ರಿಟನ್ನಿನ ವಾಯುಪಡೆಯಿಂದ ಪರಿಹಾರ ದೊರೆತ ಸುದ್ದಿ 2013ರಲ್ಲಿ ಹೊರಬಂದಿತ್ತು. ಮನೆಯಲ್ಲಿ ಅಭ್ಯಾಸ ಮಾಡುವಾಗ ವೇಗ ಬೇಕೆನಿಸಿದರೆ ಹೆಜ್ಜೆಯ ಉದ್ದವನ್ನಲ್ಲ, ಹೆಜ್ಜೆಗಳ ಸಂಖ್ಯೆಯನ್ನು ಹೆಚ್ಚಿಸಿ. ಮೊಣಕಾಲಿನ ಕೆಳಗಿನ ಮೂಳೆ, ಪಾದ, ತೊಡೆಸಂದು ಇವುಗಳಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ನಡೆದಂತೆ ಹೆಚ್ಚುತ್ತಿದ್ದರೆ ಅದನ್ನು ಸ್ನಾಯುನೋವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ.

ಆಹಾರ, ಮುಟ್ಟು, ಉಡುಪು

ಪರೀಕ್ಷೆ ಹತ್ತಿರ ಬಂದಂತೆ ತೂಕ ಇಳಿಸಲೆಂದು ಊಟ ಕಡಿಮೆ ಮಾಡುವುದು ಈ ಸಿದ್ಧತೆಯಲ್ಲಿ ಕಾಣುವ ಅತಿ ಹಾನಿಕರ ಅಭ್ಯಾಸ. ವ್ಯಾಯಾಮಕ್ಕೆ ತಕ್ಕಷ್ಟು ಆಹಾರ ಸಿಗದಿದ್ದರೆ ದೇಹವು ಹಾರ್ಮೋನುಗಳ ಉತ್ಪಾದನೆಯನ್ನು ತಗ್ಗಿಸುತ್ತದೆ, ಮುಟ್ಟು ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಗರ್ಭಿಣಿಯಲ್ಲದೆಯೂ ಮೂರು ತಿಂಗಳು ಮುಟ್ಟು ನಿಂತರೆ 'ಚೆನ್ನಾಗಿ ತರಬೇತಿಯಾಗುತ್ತಿದೆ' ಎಂದು ಸಮಾಧಾನಪಡುವುದು ಬೇಡ. ಅದು ವೈದ್ಯರ ಬಳಿ ಹೋಗಬೇಕಾದ ಲಕ್ಷಣ. ದಿನವೂ ಅಭ್ಯಾಸ ಮಾಡುತ್ತಿದ್ದರೂ ಉಸಿರು ಬೇಗ ಕಟ್ಟುತ್ತಿದ್ದರೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ರಕ್ತಹೀನತೆ ಕಾಣಿಸಿಕೊಳ್ಳುವ ಮೊದಲೇ ದೇಹದ ಕಬ್ಬಿಣಾಂಶದ ದಾಸ್ತಾನು ಬರಿದಾಗಿರಬಹುದು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೂಡ ಗಮನಿಸಬೇಕಾದವು. ಅಮೆರಿಕದ ನೌಕಾಪಡೆಯ ಮಹಿಳಾ ರಂಗರೂಟುಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇವೆರಡನ್ನೂ ಪೂರಕವಾಗಿ ಪಡೆದವರಲ್ಲಿ ಮೂಳೆ ಬಿರುಕಿನ ಪ್ರಮಾಣ ಸುಮಾರು ಶೇ. 20ರಷ್ಟು ಕಡಿಮೆ ಕಂಡುಬಂದಿತ್ತು. ಹೆರಿಗೆಯಾದವರು ಜಿಗಿತ, ಓಟ, ಭಾರಗಳಿಗೆ ಮರಳುವ ಮುನ್ನ ಕಿಬ್ಬೊಟ್ಟೆ ಮತ್ತು ಶ್ರೋಣಿಯ ಸ್ನಾಯುಗಳ ಸ್ಥಿತಿಯನ್ನು ತಜ್ಞರಿಂದ ನೋಡಿಸಿಕೊಳ್ಳಬೇಕು.

ಉಡುಪಿನಲ್ಲಿ ಎದೆಗೆ ಸರಿಯಾದ ಆಧಾರ ಕೊಡುವ ಸ್ಪೋರ್ಟ್ಸ್ ಬ್ರಾ ಮತ್ತು ನಿಮ್ಮದೇ ಪಾದದಳತೆಯ ಬೂಟು ಇವೆರಡರಲ್ಲಿ ರಾಜಿ ಬೇಡ. ಪುರುಷರ ಬೂಟಿನ ಚಿಕ್ಕ ಅಳತೆ ಮಹಿಳೆಯ ಪಾದಕ್ಕೆ ಸರಿಹೊಂದುತ್ತದೆ ಎಂದೇನಿಲ್ಲ. ಹಿಮ್ಮಡಿ ಒಳಗೆ ಜಾರಿದರೆ ಮೊದಲ ಹೊರೆ ನಡಿಗೆಯಲ್ಲೇ ಗುಳ್ಳೆ ಏಳುತ್ತದೆ.

ಕೊನೆಯ ವಾರಗಳು

ಪರೀಕ್ಷೆಗೆ ಆರೇಳು ವಾರವಿರುವಾಗ ಇಡೀ ಪರೀಕ್ಷೆಯನ್ನು ಅದೇ ಕ್ರಮದಲ್ಲಿ, ಅದೇ ಭಾರದಲ್ಲಿ, ಯಾರಾದರೂ ಗಡಿಯಾರ ಹಿಡಿದಿರುವಂತೆ ಮಾಡಿ ನೋಡಿ. ಅನಂತರ ಎರಡು ವಾರಕ್ಕೊಮ್ಮೆ ಇದನ್ನು ಪುನರಾವರ್ತಿಸಿ, ಕೊನೆಯ ಹತ್ತು ದಿನಗಳಲ್ಲಿ ವ್ಯಾಯಾಮದ ಪ್ರಮಾಣವನ್ನು ಅರ್ಧಕ್ಕಿಳಿಸಿ. ಇಲಾಖೆಯೇ ಅಭ್ಯಾಸದ ಅವಕಾಶ ಕೊಡುತ್ತಿದ್ದರೆ ತಪ್ಪದೆ ಹೋಗಿ. ಯಂತ್ರದ ವೇಗ, ಪೈಪಿನ ತೂಕ, ನೆಲದ ಜಾರು ಇವನ್ನೆಲ್ಲ ಮೊದಲ ಬಾರಿಗೆ ಪರೀಕ್ಷೆಯ ದಿನವೇ ನೋಡುವಂತಾಗಬಾರದು. ಪರೀಕ್ಷೆಯ ಹಿಂದಿನ ದಿನ 'ಒಮ್ಮೆ ನೋಡಿಬಿಡೋಣ' ಎಂದು ಪೂರ್ಣ ಬಲ ಹಾಕಬೇಡಿ.

ಒಂದು ಸಲ ಅನುತ್ತೀರ್ಣರಾದರೆ, ಮೈದಾನ ಬಿಡುವ ಮುನ್ನ ಯಾವ ಭಾಗದಲ್ಲಿ ಎಷ್ಟು ಸೆಕೆಂಡು ಅಥವಾ ಎಷ್ಟು ಅಂಕ ಕಡಿಮೆಯಾಯಿತು ಎಂಬುದನ್ನು ಅಧಿಕಾರಿಗಳಿಂದ ಕೇಳಿ ಬರೆದುಕೊಳ್ಳಿ, ಮರುಪರೀಕ್ಷೆಗೆ ಅವಕಾಶ ಮತ್ತು ಅದರ ಗಡುವನ್ನೂ ಅಲ್ಲೇ ವಿಚಾರಿಸಿ. ಒಂದು ವಾರ ಹಗುರವಾಗಿ ನಡೆದಾಡಿ ಸುಧಾರಿಸಿಕೊಂಡ ಮೇಲೆ, ಹಳೆಯ ವೇಳಾಪಟ್ಟಿಯನ್ನೇ ಮೊದಲಿನಿಂದ ಹಿಡಿಯದೆ, ಸೋತ ಭಾಗವನ್ನು ವಾರದ ಮೊದಲ ದಿನಕ್ಕೆ ಇಟ್ಟು ಉಳಿದವನ್ನು ಅದರ ಸುತ್ತ ಹೊಂದಿಸಿಕೊಳ್ಳಿ.